ದಾರಾನ ಕಾಲದ ಹೆಸರಿಗೆ ಎನ್‌ಸೈಕ್ಲೋಪೀಡಿಯಾ ಇರಾನಿಕಾ

ನಾನು ಬರೆಯುತ್ತಿರುವ ನಾಟಕ ನಡೆಯುವುದು ಕ್ರಿ.ಪೂ. 500ರಲ್ಲಿ, ದೊರೆ ದಾರಾ (ಡೇರಿಯಸ್) ಆಳುತ್ತಿದ್ದ ಪರ್ಷಿಯಾದ ಪರ್ಸೆಪೊಲಿಸ್‌ನಲ್ಲಿ. ಮಕ್ಕಳ ಹೆಸರಿನ ಆ್ಯಪ್ ಒಂದನ್ನು ನಂಬಿ ಕುದುರೆ ಲಾಯದ ಹುಡುಗನಿಗೆ ‘ಫಿರೋಜ್’ ಎಂದಿಟ್ಟಿದ್ದೆ. ಅದು ಎಷ್ಟೋ ಶತಮಾನ ಈಚಿನ ರೂಪ! ಬೇಜಾರಾಗಿ ಇರಾನಿನ ಚರಿತ್ರೆ, ಸಂಸ್ಕೃತಿ ಕುರಿತ ಆನ್‌ಲೈನ್ ವಿಶ್ವಕೋಶ ಇರಾನಿಕಾ ತೆರೆದೆ. ಓದಲು ದುಡ್ಡು ಕೊಡಬೇಕಿಲ್ಲ.

ಹೆಸರಿನ ಹಳೇ ರೂಪ, ಅರ್ಥ, ಗ್ರೀಕರ ಬಾಯಲ್ಲಿ ಅದು ಬದಲಾದ ಬಗೆ, ಎಲ್ಲ ಬಿಡಿಸಿಟ್ಟಿದ್ದಾರೆ. ನಾವು ಡೇರಿಯಸ್ ಎನ್ನುವವನು ತಾನೇ ಕೆತ್ತಿಸಿದ ಬೆಹಿಸ್ತೂನ್ ಬಂಡೆಶಾಸನದಲ್ಲಿ ‘ದಾರಯವಉಶ್’, ಅಂದರೆ ಒಳಿತನ್ನು ಎತ್ತಿಹಿಡಿಯುವವನು. ಅವನಪ್ಪ ವಿಶ್ತಾಸ್ಪ, ಆ ‘ಅಸ್ಪ’ ನಮ್ಮ ಅಶ್ವದ ಒಡಹುಟ್ಟು. ಮಿತ್ರದೇವ ಕೊಟ್ಟವನು ‘ಮಿತ್ರದಾತ’ ಎಂದು ಓದಿದಾಗಂತೂ ನಮ್ಮ ದೇವದತ್ತ ನೆನಪಾಗಿ ಮೈ ಜುಮ್ಮೆಂದಿತು.

ಪಂಡಿತರ ಬರವಣಿಗೆ, ಪುರುಸೊತ್ತು ಮಾಡಿಕೊಂಡು ಓದಿ. ನಮ್ಮ ಲಾಯದ ಹುಡುಗ ಈಗ ಮಿತ್ರದಾತ.