ಕಳೆ ಸಾಯುತ್ತದೆ ಅಂತ ವೆಡೇಲಿಯಾ ನೆಡಬೇಡಿ

ಅಂಗಳದ ಕಳೆಗೆ ಪರಿಹಾರ ಅಂತ ಯಾರಾದರೂ ವೆಡೇಲಿಯಾ ಬಳ್ಳಿ ತಂದುಕೊಟ್ಟರೆ ದಯವಿಟ್ಟು ಬೇಡ ಅನ್ನಿ. ಹೊಳೆಯುವ ಎಲೆ, ಸಣ್ಣ ಹಳದಿ ಹೂ, ನೆಲ ಮುಚ್ಚಿಕೊಂಡು ಹಬ್ಬುವ ಬಳ್ಳಿ. ರಸ್ತೆ ಮಧ್ಯದ ಪಟ್ಟಿಯಲ್ಲಿ, ರೆಸಾರ್ಟ್‌ಗಳ ಇಳಿಜಾರಿನಲ್ಲಿ ನೀವೂ ನೋಡಿರುತ್ತೀರಿ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಇರುವ ನಮ್ಮ ಮನೆಯಲ್ಲಿ ಅದರ ಹಾವಳಿ ಇನ್ನೂ ಮುಗಿದಿಲ್ಲ.

ಮೊದಲು ನಮಗಿದ್ದದ್ದು ಕೊನ್ನಾರಿ ಗಡ್ಡೆ ಅನ್ನುವ ಹುಲ್ಲಿನಂಥ ಕಳೆಯ ಕಾಟ. ಮನೆ ಕಟ್ಟುವಾಗ ಹೊರಗಿಂದ ಹೊಡೆಸಿದ ಮಣ್ಣಿನ ಜೊತೆ ಬಂದದ್ದು. ಕಿತ್ತರೆ ಹುಲ್ಲು ಮಾತ್ರ ಕೈಗೆ ಬರುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ. ಒಂದು ಗಡ್ಡೆಯಿಂದ ದಾರದಂಥ ಎಳೆ ಹೊರಟು ಅದರ ತುದಿಗೆ ಇನ್ನೊಂದು ಗಡ್ಡೆ, ಅಲ್ಲಿಂದ ಮತ್ತೊಂದು. ಪ್ಲಾಸ್ಟಿಕ್ ಹಾಳೆ ಹಾಸಿದರೂ ಅದರ ಚೂಪು ಮೊಳಕೆ ತೂತು ಮಾಡಿಕೊಂಡು ಮೇಲೆ ಬರುತ್ತದೆ. ಕೈತೋಟ ಮಾಡಿಕೊಡುವ ಗುತ್ತಿಗೆದಾರರೊಬ್ಬರು ವೆಡೇಲಿಯಾ ತೋರಿಸಿ, "ಇದನ್ನ ಹಾಕಿ ಸರ್, ಒಂದು ಮಳೆಗಾಲ ಕಳೀಲಿ, ಕಳೆ ಅನ್ನೋದೇ ಇರಲ್ಲ" ಅಂದರು. ಅವರೇ ನೆಟ್ಟು, ದುಡ್ಡು ತಗೊಂಡು ಹೋದರು. ಇದು ಎಲ್ಲಿವರೆಗೆ ಹಬ್ಬುತ್ತದೆ ಅಂತ ಒಂದು ಮಾತೂ ಹೇಳಲಿಲ್ಲ.

ಕಳೆ ಕಣ್ಣಿಗೆ ಬೀಳಲಿಲ್ಲ, ನಿಜ. ಆದರೆ ಅದರ ಜೊತೆ ಅಮ್ಮನ ಒಂದೆಲಗದ ಪಾತಿಯೂ ಹೋಯಿತು, ಶುಂಠಿಯೂ ಹೋಯಿತು. ಮುಂದಿನ ಮಳೆಗಾಲದಲ್ಲಿ ಬಳ್ಳಿ ಬೇಲಿ ದಾಟಿ ಅಡಿಕೆ ತೋಟದ ಬಸಿಗಾಲುವೆಗೆ ಇಳಿಯಿತು. ಕಾಲುವೆ ಕಟ್ಟಿಕೊಂಡು ಮರದ ಬುಡದಲ್ಲಿ ನೀರು ನಿಂತಿತು. ಅಡಿಕೆಗೆ ನೀರು ನಿಂತರೆ ಏನಾಗುತ್ತದೆ ಅಂತ ತೋಟ ಇದ್ದವರಿಗೆ ಹೇಳಬೇಕಿಲ್ಲ.

ಒಂದು ಬಳ್ಳಿ ಎತ್ತಿ ನೋಡಿ. ನೆಲಕ್ಕೆ ತಾಗಿದ ಗೆಣ್ಣಿನಲ್ಲೆಲ್ಲ ಬೇರು ಬಿಟ್ಟಿರುತ್ತದೆ. ಎಳೆದರೆ ಪಟ್ಟನೆ ತುಂಡಾಗುತ್ತದೆ, ಮಣ್ಣಲ್ಲಿ ಉಳಿದ ತುಂಡು ಮತ್ತೆ ಚಿಗುರುತ್ತದೆ. ಇದು ಹಬ್ಬುವುದಕ್ಕೆ ಬೀಜವೇ ಬೇಕಾಗಿಲ್ಲ. ಹಾಗಾಗಿ ಹುಲ್ಲು ಕೊಚ್ಚುವ ಮಷಿನ್ ಇದರ ಮೇಲೆ ಓಡಿಸಲೇಬೇಡಿ, ತುಂಡುಗಳು ಸಿಡಿದು ಅಂಗಳದ ತುಂಬ ನೆಟ್ಟ ಹಾಗಾಗುತ್ತದೆ. ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಹಳ್ಳದ ಬದಿಗಂತೂ ಎಸೆಯಲೇಬೇಡಿ. ಮಣ್ಣು ಒದ್ದೆ ಇದ್ದಾಗ ಗುದ್ದಲಿಯಲ್ಲಿ ಬುಡ ಸಡಿಲ ಮಾಡಿ ಬೇರು ಸಮೇತ ತೆಗೆಯಿರಿ. ಸಿಮೆಂಟ್ ನೆಲದ ಮೇಲೆ ಹರಡಿ, ಮುರಿದರೆ ಪುಡಿಯಾಗುವಷ್ಟು ಒಣಗಿಸಿ ಸುಟ್ಟುಬಿಡಿ. ಒಂದೇ ಸಲಕ್ಕೆ ಮುಗಿಯಲ್ಲ, ಚಿಗುರು ಕಂಡಾಗೆಲ್ಲ ಕೀಳುತ್ತಿರಬೇಕು.

ಇದು ಮೆಕ್ಸಿಕೋ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕ ಕಡೆಯ ಗಿಡ. ಪ್ರಪಂಚದ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಲಂಟಾನದ ಜೊತೆ ಇದರ ಹೆಸರೂ ಇದೆ. ಅಂಥದ್ದನ್ನು ಕುಂಡದಲ್ಲಿಟ್ಟು ಮಾರುತ್ತಾರೆ ಅನ್ನುವುದೇ ನನಗೆ ಜಾಸ್ತಿ ಸಿಟ್ಟು ತರಿಸುವ ವಿಷಯ. ಅಷ್ಟೆಲ್ಲ ಆಗಿ, ವೆಡೇಲಿಯಾ ಕಿತ್ತ ಜಾಗದಲ್ಲಿ ಮೊದಲು ತಲೆ ಎತ್ತಿದ್ದು ಅದೇ ಕೊನ್ನಾರಿ. ಗಡ್ಡೆ ಸತ್ತಿರಲೇ ಇಲ್ಲ.

ಕೊನ್ನಾರಿಗೆ ನೆರಳು ಆಗಿಬರಲ್ಲ. ಈಗ ನಾವು ಗಡ್ಡೆ ಅಗೆದು ಆರಿಸಿದ ಮೇಲೆ ಅಲಸಂದೆಯನ್ನೋ ಹುರುಳಿಯನ್ನೋ ಒತ್ತಾಗಿ ಬಿತ್ತುತ್ತೇವೆ. ನೆಲ ಮುಚ್ಚುತ್ತದೆ, ಮಣ್ಣಿಗೂ ಒಳ್ಳೆಯದು, ದನವೂ ತಿನ್ನುತ್ತದೆ, ಬೆಳೆ ಮುಗಿದ ಮೇಲೆ ತಾನೇ ಒಣಗುತ್ತದೆ. ಯಾವಾಗಲೂ ಹಸಿರೇ ಬೇಕು ಅಂದರೆ ಬಿಸಿಲಿರುವ ಕಡೆ ಗರಿಕೆ, ತಂಪಿರುವ ಕಡೆ ಒಂದೆಲಗ ಹಾಕಿ. ಹುಲ್ಲಿನ ಹಾಸು ಕೊಳ್ಳುವವರು ಮಾತ್ರ ಅದರ ಮಣ್ಣು ಬಿಡಿಸಿ ನೋಡಿಯೇ ತನ್ನಿ, ಕೊನ್ನಾರಿ ಗಡ್ಡೆ ಅದರಲ್ಲೂ ಬರುತ್ತದೆ.