ಸಿಮ್ಯುಲೇಶನ್ ಮಷೀನ್ ಕೊಳ್ಳುವ ಮುಂಚೆ ಈ ಕೊಟೇಶನ್ ಒಮ್ಮೆ ನೋಡಿ

24 ಕೋರ್‌ನ ಡೆಸ್ಕ್‌ಟಾಪ್ ಪ್ರೊಸೆಸರ್. 32 ಜಿಬಿಯ ಎರಡು ಸ್ಟಿಕ್, ಒಟ್ಟು 64 ಜಿಬಿ ಡಿಡಿಆರ್5 ರ‍್ಯಾಮ್. 24 ಜಿಬಿ ಮೆಮೊರಿಯ ಗೇಮಿಂಗ್ ಗ್ರಾಫಿಕ್ಸ್ ಕಾರ್ಡ್. ವಿಂಡೋಸ್‌ಗೆ 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಡೇಟಾ ಇಡಲು 4 ಟಿಬಿ ಹಾರ್ಡ್ ಡಿಸ್ಕ್, ಕೊನೆಯ ಸಾಲಿನಲ್ಲಿ 600 ವಿಎ ಯುಪಿಎಸ್.

ಪ್ರೆಶರ್ ವೆಸೆಲ್ ವಿನ್ಯಾಸ ಮಾಡುವ ಒಂದು ಸಣ್ಣ ಕಚೇರಿ ಸಿಮ್ಯುಲೇಶನ್‌ಗೆ, ಅಂದರೆ ಭಾಗಗಳು ಒತ್ತಡ ತಡೆಯುತ್ತವೆಯೇ ಅಂತ ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ನೋಡಲು, ಈ ಕೊಟೇಶನ್ ಒಪ್ಪಿ ದುಡ್ಡು ಕಟ್ಟಿತು. ನಾಝಲ್ ಜೋಡಣೆಯ ಒಂದು ಕಾಂಟ್ಯಾಕ್ಟ್ ಮಾಡೆಲ್ (ಭಾಗಗಳು ಒಂದಕ್ಕೊಂದು ತಾಗುವುದನ್ನೂ ಲೆಕ್ಕ ಹಾಕುವ ಮಾಡೆಲ್) ಸಂಜೆ ಹಾಕಿ ಹೋದರೆ ಬೆಳಿಗ್ಗೆಯೂ ಮುಗಿದಿರುತ್ತಿರಲಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ ಹೆಚ್ಚುಕಮ್ಮಿ ಖಾಲಿ ಕೂತಿದೆ, ಹಾರ್ಡ್ ಡಿಸ್ಕ್ ಮಾತ್ರ 100 ಶೇಕಡಾ ತೋರಿಸುತ್ತಿದೆ. ಸಾಫ್ಟ್‌ವೇರ್ ಕಂಪನಿ ಪ್ರಕಟಿಸುವ ಕನಿಷ್ಠ ಅಗತ್ಯಗಳ ಪಟ್ಟಿಗೆ ಹೋಲಿಸಿದರೆ ಈ ಮಷೀನ್ ಎಲ್ಲದರಲ್ಲೂ ಪಾಸು. ಆದರೆ ಆ ಪಟ್ಟಿ ಸಾಫ್ಟ್‌ವೇರ್ ತೆರೆದುಕೊಳ್ಳಲು ಏನು ಬೇಕು ಅಂತ ಹೇಳುತ್ತದೆ. ನಿಮ್ಮ ಮಾಡೆಲ್ ಓಡಲು ಏನು ಬೇಕು ಎಂಬ ಲೆಕ್ಕ ನೀವೇ ಹಾಕಬೇಕು. ಎಲ್ಲೆಲ್ಲಿ ತಪ್ಪಾಯಿತು ಅಂತ ಒಂದೊಂದಾಗಿ ಬಿಡಿಸಿ ಬರೆಯುತ್ತಿದ್ದೇವೆ.

ಮೊದಲು ಲೈಸೆನ್ಸ್. ಆನ್ಸಿಸ್ ಎಂಬ ಸಿಮ್ಯುಲೇಶನ್ ಸಾಫ್ಟ್‌ವೇರ್‌ನ ಮೂಲ ವಾಣಿಜ್ಯ ಸಾಲ್ವರ್ (ಲೆಕ್ಕ ಬಿಡಿಸುವ ಭಾಗ) ಲೈಸೆನ್ಸ್‌ನಲ್ಲಿ 4 ಕೋರ್‌ಗೆ ಮಾತ್ರ ಅನುಮತಿ. ಹೆಚ್ಚು ಕೋರ್ ಬಳಸಲು ಕೊಳ್ಳುವ ಎಚ್‌ಪಿಸಿ ಪ್ಯಾಕ್ ಒಂದು ಸೇರಿಸಿದರೆ ಇನ್ನು 8, ಅಂದರೆ 12. ಹೆಚ್ಚುವರಿ ಪ್ಯಾಕ್ ಇಲ್ಲದ ಕಚೇರಿಯಲ್ಲಿ 24 ಕೋರ್‌ಗಳಲ್ಲಿ 20 ಕೋರ್ ಸಾಲ್ವರ್‌ಗೆ ಇದ್ದೂ ಇಲ್ಲದ ಹಾಗೆ. ಅದೇ ಬಗೆಯ ಇನ್ನೊಂದು ಸಾಫ್ಟ್‌ವೇರ್ ಅಬಾಕಸ್‌ನಲ್ಲಿ ಟೋಕನ್ (ಲೈಸೆನ್ಸ್ ಅಳೆಯುವ ಘಟಕ) ಲೆಕ್ಕ: 1 ಕೋರ್‌ಗೆ 5, 4 ಕೋರ್‌ಗೆ 8, 8 ಕೋರ್‌ಗೆ 12, 16 ಕೋರ್‌ಗೆ 16 ಟೋಕನ್. ಕೈಯಲ್ಲಿರುವ ಟೋಕನ್ ಎಷ್ಟು, ಅದನ್ನು ಏಕಕಾಲಕ್ಕೆ ಎಷ್ಟು ಜನ ಹಂಚಿಕೊಳ್ಳುತ್ತಾರೆ ಅಂತ ನೋಡಿಕೊಂಡ ಮೇಲೆಯೇ ಪ್ರೊಸೆಸರ್ ಮಾತು. ಇನ್ನೊಂದು ವಿಷಯ: ಆ 24ರಲ್ಲಿ ದೊಡ್ಡ ಕೋರ್ 8 ಮಾತ್ರ, ಉಳಿದ 16 ಸಣ್ಣವು. ಕೆಲಸವನ್ನು ಸಮಪಾಲಾಗಿ ಹಂಚಿ ಓಡಿಸುವ ಸಾಲ್ವರ್‌ನಲ್ಲಿ ಎಲ್ಲರಿಗಿಂತ ನಿಧಾನದ ಕೋರ್ ಮುಗಿಸುವವರೆಗೆ ಉಳಿದವು ಕಾಯುತ್ತವೆ. ಹಾಗಾಗಿ ಕೋರ್ ಸಂಖ್ಯೆ ಹಾಕುವಾಗ 8 ದಾಟಬೇಡಿ. ಹೈಪರ್‌ಥ್ರೆಡಿಂಗ್‌ನಿಂದ, ಅಂದರೆ ಒಂದೇ ಕೋರ್ ಎರಡಾಗಿ ಕಾಣುವ ವ್ಯವಸ್ಥೆಯಿಂದ, ಹೆಚ್ಚಾಗಿ ಕಾಣುವ ಕೋರ್‌ಗಳನ್ನಂತೂ ಎಣಿಸಲೇಬೇಡಿ.

ರ‍್ಯಾಮ್ ಕೊಳ್ಳುವಾಗ ಎಲ್ಲರೂ ಎಷ್ಟು ಜಿಬಿ ಅಂತಷ್ಟೇ ಕೇಳುತ್ತಾರೆ, ಎಷ್ಟು ಚಾನೆಲ್, ಅಂದರೆ ಮೆಮೊರಿಯಿಂದ ಪ್ರೊಸೆಸರ್‌ಗೆ ಎಷ್ಟು ಹಾದಿ, ಅಂತ ಕೇಳುವವರು ಕಡಿಮೆ. ಡಿಡಿಆರ್5-5600ರ ಒಂದು ಚಾನೆಲ್ ಸೆಕೆಂಡಿಗೆ 44.8 ಜಿಬಿ ಸಾಗಿಸುತ್ತದೆ, ಎರಡು ಚಾನೆಲ್ ಸೇರಿ 89.6 ಜಿಬಿ. ಸಾಮಾನ್ಯ ಡೆಸ್ಕ್‌ಟಾಪ್ ಬೋರ್ಡಿನಲ್ಲಿ ಇರುವುದೇ ಎರಡು ಚಾನೆಲ್. ಸಿಎಫ್‌ಡಿಯಲ್ಲಿ, ಅಂದರೆ ಗಾಳಿ-ನೀರಿನ ಹರಿವಿನ ಸಿಮ್ಯುಲೇಶನ್‌ನಲ್ಲಿ, ಪ್ರತಿ ಸೆಲ್‌ಗೆ (ಮಾಡೆಲ್‌ನ ಪುಟ್ಟ ತುಂಡಿಗೆ) ಮಾಡುವ ಲೆಕ್ಕ ಸ್ವಲ್ಪ, ಮೆಮೊರಿಯಿಂದ ತರಬೇಕಾದ ಅಂಕಿ ಬಹಳ. ಆರೆಂಟು ಕೋರ್ ಸೇರುವಷ್ಟರಲ್ಲಿ ಎರಡೂ ಚಾನೆಲ್ ಭರ್ತಿಯಾಗಿ, ಮುಂದಿನ ಕೋರ್‌ಗಳಿಗೆ ಅದು ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. 12 ಚಾನೆಲ್‌ನ ಸರ್ವರ್ ಪ್ರೊಸೆಸರ್ ಡಿಡಿಆರ್5-4800ರಲ್ಲೇ 460.8 ಜಿಬಿ ಎಳೆಯುತ್ತದೆ. ದೊಡ್ಡ ಸಿಎಫ್‌ಡಿ ಕೆಲಸಕ್ಕೆ ಜನ ಹಳೆಯ ಸರ್ವರ್ ಮಷೀನುಗಳನ್ನು ಹುಡುಕಿ ಕೊಳ್ಳುವುದು ಇದೇ ಕಾರಣಕ್ಕೆ.

ಆ ಕಚೇರಿಯ ಮಷೀನ್‌ನಲ್ಲಿ ಎರಡು ಚಾನೆಲ್ ಸಹ ಇರಲಿಲ್ಲ. ಡಬ್ಬಿ ಬಿಚ್ಚಿದರೆ ಎರಡೂ ಸ್ಟಿಕ್ ಅಕ್ಕಪಕ್ಕದ ಸ್ಲಾಟ್‌ನಲ್ಲಿ, ಮೈಗೆ ಮೈ ತಾಗಿಸಿ ಕೂತಿದ್ದವು. ನಾಲ್ಕು ಸ್ಲಾಟ್‌ನ ಬಹುತೇಕ ಬೋರ್ಡುಗಳಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಮೊದಲೆರಡು ಸ್ಲಾಟ್ ಒಂದು ಚಾನೆಲ್, ನಂತರದ ಎರಡು ಇನ್ನೊಂದು. ಎರಡೇ ಸ್ಟಿಕ್ ಇದ್ದರೆ 2 ಮತ್ತು 4ನೇ ಸ್ಲಾಟ್‌ಗೆ ಹೋಗಬೇಕು. ತಪ್ಪಾಗಿ ಹಾಕಿದರೂ ವಿಂಡೋಸ್ 64 ಜಿಬಿ ಅಂತಲೇ ತೋರಿಸುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಮಷೀನ್‌ನ ವಿವರ ತೋರಿಸುವ ಸಿಪಿಯು-ಝಡ್ ಸಾಫ್ಟ್‌ವೇರ್‌ನ ಮೆಮೊರಿ ಪುಟದಲ್ಲಿ ಚಾನೆಲ್ ಸಾಲು, ವೇಗದ ಸಾಲು ಎರಡನ್ನೂ ನೋಡಿ. ಅಲ್ಲಿ ಕಾಣುವ ಮೆಗಾಹರ್ಟ್ಸ್ ಅರ್ಧ ಲೆಕ್ಕ: 5600 ಇದ್ದರೆ 2800 ಅಂತ ತೋರಿಸುತ್ತದೆ.

‘ಈಗ ಎರಡು ಹಾಕಿ, ಆಮೇಲೆ ಇನ್ನೆರಡು ಸೇರಿಸಿ’ ಎಂಬ ಸಲಹೆಯನ್ನೂ ನಂಬಬೇಡಿ. ಡಿಡಿಆರ್5 ಡೆಸ್ಕ್‌ಟಾಪ್‌ನಲ್ಲಿ ನಾಲ್ಕು ಸ್ಟಿಕ್ ತುಂಬಿದರೆ ವೇಗ ಬೀಳುತ್ತದೆ. ಎಎಂಡಿಯ ರೈಜನ್ 7000 ಪ್ರೊಸೆಸರ್ ಸಾಲಿಗೆ ತಯಾರಕರೇ ಕೊಟ್ಟಿರುವ ಮಿತಿ ಎರಡು ಸ್ಟಿಕ್‌ಗೆ 5200, ನಾಲ್ಕಕ್ಕೆ 3600. ಎರಡೇ ಸ್ಟಿಕ್‌ನಲ್ಲಿ 96 ಜಿಬಿ, ಅಂದರೆ 48 ಜಿಬಿಯ ಜೋಡಿ, ಮೊದಲ ದಿನವೇ ತೆಗೆದುಕೊಳ್ಳುವುದು ಒಳ್ಳೆಯದು.

ಈಗ ರಾತ್ರಿಯಿಡೀ ಓಡಿದ ಆ ರನ್ನಿಗೆ ಬರೋಣ. ಮಾಡೆಲ್‌ನಲ್ಲಿ ಸುಮಾರು 20 ಲಕ್ಷ ನೋಡ್, ಅಂದರೆ ಮಾಡೆಲನ್ನು ತುಂಡು ಮಾಡಿ ಕಟ್ಟಿದ ಜಾಲದ (ಮೆಶ್) ಬಿಂದುಗಳು. ಸಾಲಿಡ್ ಎಲಿಮೆಂಟ್ ಆದ್ದರಿಂದ ನೋಡ್‌ಗೆ 3 ಡಿಗ್ರಿ ಆಫ್ ಫ್ರೀಡಂ (ಬಿಂದು ಚಲಿಸಬಹುದಾದ ದಿಕ್ಕುಗಳು), ಒಟ್ಟು 60 ಲಕ್ಷ. ಆನ್ಸಿಸ್ ಮೆಕ್ಯಾನಿಕಲ್‌ನ ಸ್ಪಾರ್ಸ್ ಡೈರೆಕ್ಟ್ ಸಾಲ್ವರ್‌ಗೆ ಪೂರ್ತಿ ರ‍್ಯಾಮ್‌ನಲ್ಲೇ ಕೆಲಸ ಮಾಡಲು 10 ಲಕ್ಷ ಡಿಗ್ರಿ ಆಫ್ ಫ್ರೀಡಂಗೆ ಸುಮಾರು 10 ಜಿಬಿ ಬೇಕು. ಹಾಗಾದರೆ ಇಲ್ಲಿ 60 ಜಿಬಿ. ವಿಂಡೋಸ್ ಮತ್ತು ತೆರೆದಿಟ್ಟ ಮೆಶ್ ವಿಂಡೋ ತಮ್ಮ ಪಾಲು ತೆಗೆದುಕೊಂಡ ಮೇಲೆ 64ರಲ್ಲಿ ಅಷ್ಟು ಉಳಿಯುವುದಿಲ್ಲ. ಸಾಲ್ವರ್ ಯಾವ ಎರರ್ ಕೂಡ ಕೊಡದೆ ಔಟ್-ಆಫ್-ಕೋರ್‌ಗೆ ಇಳಿಯುತ್ತದೆ, ಅಂದರೆ ಆ ಸುಮಾರು 60 ಜಿಬಿಯನ್ನು ಡಿಸ್ಕ್‌ಗೆ ಬರೆಯುತ್ತದೆ. ಒಮ್ಮೆ ಬರೆದದ್ದನ್ನು ಎರಡು ಸಲ ಓದಬೇಕು, ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ. ಸೆಕೆಂಡಿಗೆ 150 ಎಂಬಿ ವೇಗದ ಹಾರ್ಡ್ ಡಿಸ್ಕ್‌ನಲ್ಲಿ 60 ಜಿಬಿಗೆ 400 ಸೆಕೆಂಡ್. ಮೂರು ಸಲಕ್ಕೆ 1200 ಸೆಕೆಂಡ್, ಅಂದರೆ 20 ನಿಮಿಷ. ಕಾಂಟ್ಯಾಕ್ಟ್ ಇರುವ ನಾನ್‌ಲೀನಿಯರ್ ರನ್‌ನಲ್ಲಿ ಇದು ಪ್ರತಿ ಇಟರೇಶನ್‌ಗೂ (ಲೆಕ್ಕದ ಪ್ರತಿ ಸುತ್ತಿಗೂ) ಆಗುತ್ತದೆ. 30 ಇಟರೇಶನ್ ಹಿಡಿದರೆ ಡಿಸ್ಕ್ ತಿಂದ ಸಮಯವೇ 10 ಗಂಟೆ. ಇದಕ್ಕೆ ಮದ್ದು ಎರಡು: ರ‍್ಯಾಮ್ 96 ಜಿಬಿಗೆ ಏರಿಸುವುದು, ಪ್ರಾಜೆಕ್ಟ್ ಮತ್ತು ಸ್ಕ್ರ್ಯಾಚ್ (ತಾತ್ಕಾಲಿಕ ಫೈಲ್‌ಗಳ) ಫೋಲ್ಡರ್ ಎರಡನ್ನೂ ಎನ್‌ವಿಎಂಇಗೆ ಸಾಗಿಸುವುದು. ಸಾಲ್ವರ್ ಔಟ್‌ಪುಟ್‌ನಲ್ಲಿ ಇನ್-ಕೋರ್ ಅಥವಾ ಔಟ್-ಆಫ್-ಕೋರ್ ಎಂಬ ಸಾಲು ಇರುತ್ತದೆ, ಮೊದಲ ಇಟರೇಶನ್ ಮುಗಿದ ಕೂಡಲೇ ಅದನ್ನು ಓದಿ. ಕಾಂಟ್ಯಾಕ್ಟ್ ಇಲ್ಲದ ದಪ್ಪ ಸಾಲಿಡ್ ಮಾಡೆಲ್ ಆದರೆ ಉತ್ತರಕ್ಕೆ ಹಂತಹಂತವಾಗಿ ಹತ್ತಿರವಾಗುವ ಪಿಸಿಜಿ ಸಾಲ್ವರ್‌ಗೆ ಬದಲಿಸಿ ನೋಡಿ, ಅದಕ್ಕೆ 10 ಲಕ್ಷಕ್ಕೆ ಸುಮಾರು 1 ಜಿಬಿ ಸಾಕು.

ಎನ್‌ವಿಎಂಇ ಅಂದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ಕ್ಯೂಎಲ್‌ಸಿ ಜಾತಿಯ ಅಗ್ಗದ ಡ್ರೈವ್‌ಗಳು ಮೊದಲ ಕೆಲವು ಹತ್ತು ಜಿಬಿ ವೇಗವಾಗಿ ಬರೆದು, ಕ್ಯಾಷ್ ತುಂಬಿದ ಮೇಲೆ ಹಾರ್ಡ್ ಡಿಸ್ಕ್ ಮಟ್ಟಕ್ಕೆ ಕುಸಿಯುತ್ತವೆ. ಸ್ಕ್ರ್ಯಾಚ್‌ಗೆ ಟಿಎಲ್‌ಸಿ ಜಾತಿಯ ಮತ್ತು ಸ್ವಂತ ಡಿರ‍್ಯಾಮ್ ಇರುವ 1 ಅಥವಾ 2 ಟಿಬಿ ಡ್ರೈವ್ ಪ್ರತ್ಯೇಕವಾಗಿ ಇಡಿ.

ಇಡೀ ಕೊಟೇಶನ್‌ನಲ್ಲಿ ಅತಿ ಹೆಚ್ಚು ಬೆಲೆಯ ಭಾಗ ಗೇಮಿಂಗ್ ಕಾರ್ಡ್. ಈ ಕೆಲಸಕ್ಕೆ ಅದು ನೀರಲ್ಲಿ ಹೋಮ ಮಾಡಿದಂತೆ. ಸ್ಟ್ರಕ್ಚರಲ್ ಡೈರೆಕ್ಟ್ ಸಾಲ್ವರ್‌ಗೆ ಬೇಕಾಗಿರುವುದು ಡಬಲ್ ಪ್ರಿಸಿಶನ್ ಲೆಕ್ಕ, ಅಂದರೆ ಪ್ರತಿ ಅಂಕಿಗೂ ಸಿಂಗಲ್‌ನ ಎರಡರಷ್ಟು ಬಿಟ್ ಬಳಸುವ ಲೆಕ್ಕ. ಆರ್‌ಟಿಎಕ್ಸ್ 4090 ಕಾರ್ಡ್‌ನಲ್ಲಿ ಡಬಲ್ ಪ್ರಿಸಿಶನ್ ವೇಗ ಸಿಂಗಲ್‌ನ 64ರಲ್ಲಿ ಒಂದು ಪಾಲು. ಡೇಟಾ ಸೆಂಟರ್‌ಗೆ ಮಾಡಿದ ಎ100ನಲ್ಲಿ ಅರ್ಧ. ಸಿಂಗಲ್ ಪ್ರಿಸಿಶನ್‌ನಲ್ಲಿ ಓಡುವ ಜಿಪಿಯು ಸಿಎಫ್‌ಡಿ ಸಾಲ್ವರ್ ಬಳಸುವವರಿಗೆ ಗೇಮಿಂಗ್ ಕಾರ್ಡ್‌ನಿಂದ ಉಪಯೋಗ ಆದೀತು, ಮಾಡೆಲ್ ಆ 24 ಜಿಬಿಯೊಳಗೆ ಹಿಡಿಸಿದರೆ. ಬರೀ ಮಾಡೆಲ್ ತಿರುಗಿಸಿ ನೋಡಲು ಸಾಧಾರಣ ಕಾರ್ಡ್ ಸಾಕು, ಆ ಹಣ ರ‍್ಯಾಮ್‌ಗೆ ಹೋಗಲಿ.

ಇನ್‌ಸ್ಟಾಲ್ ಮಾಡುವಾಗಿನ ತೊಂದರೆಗಳಿಗೆ ಖರ್ಚು ಕಡಿಮೆ, ಆದರೆ ದಿನಗಳು ಹಾಳಾಗುತ್ತವೆ. ವಿಂಡೋಸ್ ಬಳಕೆದಾರರ ಹೆಸರನ್ನು ಕನ್ನಡದಲ್ಲಿ ಇಡಬೇಡಿ. ನಮ್ಮ ಲಿಪಿಯಲ್ಲಿ ಹೆಸರು ನೋಡಲು ಇಷ್ಟವೇ, ಆದರೆ ಟೆಂಪ್ ಫೋಲ್ಡರ್‌ನ ಹಾದಿ ಆ ಹೆಸರಿನ ಮೂಲಕವೇ ಹೋಗುತ್ತದೆ, ಹಳೆಯ ಫೋರ್ಟ್ರಾನ್ ಬೇರಿನ ಎಷ್ಟೋ ಸಾಲ್ವರ್‌ಗಳು ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆಯದನ್ನು ಓದಲಾರದೆ ಅಲ್ಲೇ ನಿಲ್ಲುತ್ತವೆ. ಆಗಲೇ ಇಟ್ಟಾಗಿದ್ದರೆ ಟೆಂಪ್ ಮತ್ತು ಟಿಎಂಪಿ ವೇರಿಯೇಬಲ್ ಎರಡನ್ನೂ ಖಾಲಿ ಜಾಗ ಇಲ್ಲದ ಚಿಕ್ಕ ಇಂಗ್ಲಿಷ್ ಹೆಸರಿನ ಫೋಲ್ಡರ್‌ಗೆ ತಿರುಗಿಸಿ. ಪ್ರಾಜೆಕ್ಟನ್ನು ಒನ್‌ಡ್ರೈವ್ ಒಳಗೆ ಇಡಲೇಬೇಡಿ. ಸಾಲ್ವರ್ ಬರೆಯುತ್ತಿರುವ ಫೈಲನ್ನು ಸಿಂಕ್ ಹಿಡಿದುಕೊಂಡರೆ ರನ್ ನಡುವೆಯೇ ಸಾಯುತ್ತದೆ. ಆಂಟಿವೈರಸ್‌ನಲ್ಲಿ ಸ್ಕ್ರ್ಯಾಚ್ ಫೋಲ್ಡರ್‌ಗೆ ವಿನಾಯಿತಿ ಕೊಡಿ.

ಲೈಸೆನ್ಸ್ ಫೈಲ್ ಮಷೀನ್‌ನ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಪೋರ್ಟಿನ ಗುರುತು ಸಂಖ್ಯೆಗೆ) ಕಟ್ಟಿರುತ್ತದೆ. ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಅಥವಾ ಡಾಕ್‌ನ ವಿಳಾಸ ಕಳಿಸಿದರೆ, ಅದನ್ನು ಕಿತ್ತ ದಿನ ಎರರ್ ಮೈನಸ್ 9, ‘ಇನ್‌ವ್ಯಾಲಿಡ್ ಹೋಸ್ಟ್’ ಬರುತ್ತದೆ. ಬೋರ್ಡಿನ ಮೇಲಿರುವ ಲ್ಯಾನ್ ಪೋರ್ಟಿನ ವಿಳಾಸವನ್ನೇ ಕೊಡಿ. ಮೈನಸ್ 15 ಬಂದರೆ ಲೈಸೆನ್ಸ್ ಸರ್ವರ್ ಸಿಗುತ್ತಿಲ್ಲ ಎಂದರ್ಥ. ಆನ್ಸಿಸ್‌ಗೆ ಫೈರ್‌ವಾಲ್‌ನಲ್ಲಿ 1055 ಒಂದೇ ಪೋರ್ಟ್ ತೆರೆದರೆ ಸಾಲದು: ವೆಂಡರ್ ಡೀಮನ್ (ಲೈಸೆನ್ಸ್ ಹಂಚುವ ಹಿನ್ನೆಲೆ ಪ್ರೋಗ್ರಾಂ) ಪ್ರತಿ ಸಲ ಶುರುವಾದಾಗ ಬೇರೆ ಬೇರೆ ಪೋರ್ಟ್ ಹಿಡಿಯುತ್ತದೆ. ಲೈಸೆನ್ಸ್ ಫೈಲಿನ ವೆಂಡರ್ ಸಾಲಿನಲ್ಲಿ ಪೋರ್ಟ್ ಸಂಖ್ಯೆ ಬರೆದು ನಿಲ್ಲಿಸಿ, ಅದನ್ನೂ ತೆರೆಯಿರಿ. ಇವತ್ತು ಓಡಿದ್ದು ನಾಳೆ ರೀಸ್ಟಾರ್ಟ್ ಆದಮೇಲೆ ಯಾಕೆ ಓಡುತ್ತಿಲ್ಲ ಎಂಬ ಗೊಂದಲ ಹೆಚ್ಚಾಗಿ ಇದರಿಂದಲೇ.

ಉಚಿತ ಸಿಎಫ್‌ಡಿ ಸಾಫ್ಟ್‌ವೇರ್ ಓಪನ್‌ಫೋಮ್ ಕಡೆ ಹೋಗುವವರು, ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್2 ನಾವು ಬದಲಿಸದಿದ್ದರೆ ಮಷೀನ್‌ನ ಅರ್ಧ ರ‍್ಯಾಮ್ ಮಾತ್ರ ಕೊಡುತ್ತದೆ ಎಂಬುದನ್ನು ನೆನಪಿಡಿ. 64 ಜಿಬಿ ಇದ್ದರೂ ಲಿನಕ್ಸ್‌ಗೆ 32. ದೊಡ್ಡ ಮೆಶ್ ಕಟ್ಟುವಾಗ ‘ಕಿಲ್ಡ್’ ಎಂಬ ಒಂದೇ ಪದ ಬಂದು ನಿಂತರೆ ಕಾರಣ ಬಹುತೇಕ ಇದೇ. ಡಬ್ಲ್ಯುಎಸ್‌ಎಲ್ ಕಾನ್ಫಿಗ್ ಫೈಲಿನಲ್ಲಿ ಮೆಮೊರಿ ಮಿತಿ ಏರಿಸಿ. ಕೇಸ್ ಫೋಲ್ಡರ್ ಲಿನಕ್ಸ್‌ನ ಹೋಮ್ ಒಳಗೇ ಇರಲಿ, ಸಿ ಡ್ರೈವ್ ಮೇಲೆ ಇಟ್ಟರೆ ಸಾವಿರಾರು ಸಣ್ಣ ಫೈಲ್ ಓದಿ ಬರೆಯುವುದು ತುಂಬಾ ನಿಧಾನ. ಓಪನ್‌ಫೋಮ್‌ಗೆ ಎರಡು ಕವಲು ಇವೆ. ಫೌಂಡೇಶನ್ ಕವಲಿನ 2023ರ 11ನೇ ಆವೃತ್ತಿಯಿಂದ ಸಿಂಪಲ್‌ಫೋಮ್ ಎಂಬ ಕಮಾಂಡ್ ಬದಲಿಗೆ ಫೋಮ್‌ರನ್ ಬಂದಿದೆ. ಇನ್ನೊಂದು ಕವಲಿನ ಪಾಠ ನೋಡಿಕೊಂಡು ಕುಳಿತರೆ ಕಮಾಂಡ್‌ಗಳು ಹೊಂದಿಕೊಳ್ಳುವುದಿಲ್ಲ.

ಇನ್ನು ಯುಪಿಎಸ್. 600 ವಿಎ ಅಂದರೆ ಸುಮಾರು 360 ವ್ಯಾಟ್. ಎಲ್ಲ ಕೋರ್ ದುಡಿಯುವಾಗ ಆ ಪ್ರೊಸೆಸರ್ ಒಂದೇ 250 ವ್ಯಾಟ್ ಎಳೆಯುತ್ತದೆ. ಕಾರ್ಡ್, ಮಾನಿಟರ್, ಫ್ಯಾನು ಸೇರಿದರೆ ಕರೆಂಟ್ ಹೋದ ಕ್ಷಣ ಓವರ್‌ಲೋಡ್ ಆಗಿ ಅದೂ ಆರುತ್ತದೆ. ವಿಎ ನೋಡದೆ ವ್ಯಾಟ್ ನೋಡಿ, 900 ವ್ಯಾಟ್‌ಗೆ ಕಡಿಮೆ ಬೇಡ. ಜೊತೆಗೆ ರನ್ ನಿಂತಲ್ಲಿಂದ ಮುಂದುವರಿಸಲು ಸಾಲ್ವರ್‌ನಲ್ಲಿ ರೀಸ್ಟಾರ್ಟ್ ಪಾಯಿಂಟ್ ಉಳಿಸುವ ಆಯ್ಕೆ ಆನ್ ಮಾಡಿ, ಸ್ಲೀಪ್ ಆಫ್ ಮಾಡಿ, ವಿಂಡೋಸ್ ಅಪ್‌ಡೇಟ್‌ನ ತಾನಾಗಿಯೇ ರೀಸ್ಟಾರ್ಟ್ ಆಗುವುದನ್ನು ಮುಂದೂಡಿ.

ಮಷೀನ್ ಒಪ್ಪಿಸಿಕೊಳ್ಳುವ ದಿನ ಮಾರಾಟಗಾರರು ತೋರಿಸುವ ಬೆಂಚ್‌ಮಾರ್ಕ್ ಅಂಕಿಗೆ ತೃಪ್ತರಾಗಬೇಡಿ. ನಿಮ್ಮದೇ ಮಾಡೆಲ್ ಅವರ ಎದುರು 2, 4, 8 ಕೋರ್‌ನಲ್ಲಿ ಒಂದೊಂದು ಸಲ ಓಡಿಸಿ ಸಮಯ ಬರೆದುಕೊಳ್ಳಿ. 4ರಿಂದ 8ಕ್ಕೆ ಹೋದಾಗ ಸಮಯ ಸ್ವಲ್ಪವೂ ಇಳಿಯದಿದ್ದರೆ ಡಬ್ಬಿ ಬಿಚ್ಚಿಸಿ ಸ್ಲಾಟ್ ನೋಡಿ. ಆಮೇಲೆ 8 ಕೋರ್‌ನಲ್ಲೇ ಎರಡು ಗಂಟೆ ಬಿಟ್ಟು ತಾಪ ಮತ್ತು ಗಡಿಯಾರದ ವೇಗ ಗಮನಿಸಿ. ಮೊದಲ ಹತ್ತು ನಿಮಿಷದ ವೇಗ ಕೊನೆಯ ಹತ್ತು ನಿಮಿಷದಲ್ಲೂ ಇರಬೇಕು. ಓಡುತ್ತಿರುವಾಗಲೇ ಒಮ್ಮೆ ಗೋಡೆಯ ಸ್ವಿಚ್ ಆರಿಸಿ ಯುಪಿಎಸ್ ತಡೆಯುತ್ತದೆಯೇ ನೋಡಿ. ಇಷ್ಟು ಮುಗಿಯುವವರೆಗೆ ಕೊನೆಯ ಕಂತು ಕೈಯಲ್ಲೇ ಇರಲಿ.