ಎರಾಸ್ಮಸ್ ಪ್ಲಸ್ ಸೆಮಿಸ್ಟರ್ ವಿನಿಮಯ: ಎಲ್ಲಿ ಗಟ್ಟಿ, ಎಲ್ಲಿ ಸಡಿಲ

ಯುರೋಪಿಯನ್ ಒಕ್ಕೂಟದ ಶಿಕ್ಷಣ ಯೋಜನೆಯಾದ ಎರಾಸ್ಮಸ್ ಪ್ಲಸ್ ಮೂಲಕ ಒಂದು ಸೆಮಿಸ್ಟರ್ ಯುರೋಪಿನಲ್ಲಿ ಓದಿ ಬರುವುದು ಒಳ್ಳೆಯ ಅವಕಾಶವೇ? ಖಂಡಿತ ಹೌದು. ಆದರೆ ಅದರ ಗುಣಮಟ್ಟ ಊರಿನ ಚೆಲುವಿನ ಮೇಲೆ ನಿಂತಿಲ್ಲ, ವಿಶ್ವವಿದ್ಯಾಲಯದ ಹೆಸರಿನ ಮೇಲೂ ನಿಂತಿಲ್ಲ. ಮೂರು ಸಹಿಗಳಿರುವ ಒಂದು ಕಾಗದದ ಮೇಲೆ ನಿಂತಿದೆ. ಅದಕ್ಕೆ ಲರ್ನಿಂಗ್ ಅಗ್ರಿಮೆಂಟ್, ಅಂದರೆ ಕಲಿಕಾ ಒಪ್ಪಂದ, ಎನ್ನುತ್ತಾರೆ. ಅದು ಸಡಿಲವಾಗಿದ್ದರೆ ಆರು ತಿಂಗಳು ಓದಿ, ಪರೀಕ್ಷೆ ಪಾಸಾಗಿ ಬಂದರೂ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ತವರು ವಿಶ್ವವಿದ್ಯಾಲಯ ಕ್ರೆಡಿಟ್ ಒಪ್ಪದೆ, ಅದೇ ಸೆಮಿಸ್ಟರನ್ನು ಮತ್ತೆ ಓದಬೇಕಾಗುತ್ತದೆ. ಹಾಗಾಗಿ ಈ ವಿಮರ್ಶೆಯಲ್ಲಿ ಹೆಚ್ಚಿನ ಜಾಗ ಆ ಕಾಗದಕ್ಕೇ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ‘ಎರಾಸ್ಮಸ್ ಸಿಕ್ಕಿತು’ ಎನ್ನುವವರೆಲ್ಲ ಒಂದೇ ವಿಷಯ ಹೇಳುತ್ತಿರುವುದಿಲ್ಲ. ಎರಾಸ್ಮಸ್ ಮುಂಡಸ್ ಎಂಬುದು ಪೂರ್ಣಾವಧಿಯ ಜಂಟಿ ಸ್ನಾತಕೋತ್ತರ ಪದವಿ. ಅದಕ್ಕೆ ವಿಶ್ವವಿದ್ಯಾಲಯಗಳ ಕೂಟಕ್ಕೆ ನೇರವಾಗಿ ಅರ್ಜಿ ಹಾಕಬೇಕು. ವಿದ್ಯಾರ್ಥಿವೇತನ ತಿಂಗಳಿಗೆ 1,400 ಯೂರೊ, ಹೆಚ್ಚೆಂದರೆ 24 ತಿಂಗಳು. ಇಲ್ಲಿ ಹೇಳುತ್ತಿರುವುದು ಅದಲ್ಲ, ವಿನಿಮಯ. ಇದರಲ್ಲಿ ಪದವಿ ತವರು ವಿಶ್ವವಿದ್ಯಾಲಯದ್ದೇ. ಒಂದೋ ಎರಡೋ ಸೆಮಿಸ್ಟರ್ ಮಾತ್ರ ಹೊರಗೆ. ಅವಧಿ ಕನಿಷ್ಠ 2 ತಿಂಗಳು, ಗರಿಷ್ಠ 12 ತಿಂಗಳು. ಯುರೋಪಿಯನ್ ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸ್‌ಗೆ ನೇರ ಅರ್ಜಿ ಹಾಕುವ ದಾರಿ ಇಲ್ಲಿ ಇಲ್ಲ. ಎರಡು ವಿಶ್ವವಿದ್ಯಾಲಯಗಳ ನಡುವೆ ಒಪ್ಪಂದ ಇರಬೇಕು, ಯುರೋಪಿನ ಕಡೆಯವರಿಗೆ ಆ ಒಪ್ಪಂದಕ್ಕೆ ಹಣ ಮಂಜೂರಾಗಿರಬೇಕು, ತವರಿನ ಅಂತರರಾಷ್ಟ್ರೀಯ ಸಂಬಂಧಗಳ ಕಚೇರಿ ವಿದ್ಯಾರ್ಥಿಯ ಹೆಸರನ್ನು ಸೂಚಿಸಬೇಕು. ಭಾರತದಂಥ ದೇಶಗಳಿಗೆ ಇದು ಬರುವುದು ಕೆಎ171 ಎಂಬ ವಿಭಾಗದಡಿ. ಹಣ ಒಂದು ಯೋಜನೆಯ ಅವಧಿಗೆ ಮಾತ್ರ ಸಿಗುವುದರಿಂದ, ಕಳೆದ ವರ್ಷ ಸೀಟಿದ್ದ ವಿಭಾಗಕ್ಕೆ ಈ ವರ್ಷ ಇಲ್ಲದಿರಬಹುದು. ಒಪ್ಪಂದ ಬಹುತೇಕ ವಿಷಯವಾರು ಇರುತ್ತದೆ: ಎಂಜಿನಿಯರಿಂಗ್‌ಗೆಂದು ಸಹಿಯಾದ ಒಪ್ಪಂದದಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಜಾಗವಿರುವುದಿಲ್ಲ. ಕಚೇರಿಗೆ ಹೋದಾಗ ‘ಒಪ್ಪಂದ ಇದೆಯಾ’ ಎಂದಷ್ಟೇ ಕೇಳಬಾರದು. ನಮ್ಮ ವಿಭಾಗಕ್ಕೆ, ನಮ್ಮ ಹಂತಕ್ಕೆ, ಈ ಸಾಲಿಗೆ ಹಣವಿರುವ ಸೀಟು ಇದೆಯಾ ಎಂದು ಕೇಳಬೇಕು.

ಹಣದ ವಿಷಯದಲ್ಲಿ ಯೋಜನೆ ಉದಾರವಾಗಿಯೇ ಇದೆ. ಆತಿಥೇಯ ವಿಶ್ವವಿದ್ಯಾಲಯ ಬೋಧನಾ ಶುಲ್ಕ, ನೋಂದಣಿ ಶುಲ್ಕ, ಪರೀಕ್ಷಾ ಶುಲ್ಕ ಯಾವುದನ್ನೂ ಕೇಳುವಂತಿಲ್ಲ. ಪ್ರಯೋಗಾಲಯ, ಗ್ರಂಥಾಲಯ ಬಳಸಲೂ ಹಣವಿಲ್ಲ. ವಿಮೆ, ವಿದ್ಯಾರ್ಥಿ ಸಂಘದಂಥ ಸಣ್ಣ ವಂತಿಗೆಗಳನ್ನು ಮಾತ್ರ ಅಲ್ಲಿನ ವಿದ್ಯಾರ್ಥಿಗಳಂತೆಯೇ ಕಟ್ಟಬೇಕಾಗಬಹುದು. ತವರಿನ ಶುಲ್ಕ ಮಾತ್ರ ನಿಲ್ಲುವುದಿಲ್ಲ. ಯುರೋಪಿನ ಹೊರಗಿಂದ ಬರುವವರಿಗೆ ಜೀವನ ವೆಚ್ಚಕ್ಕೆಂದು ದೇಶಕ್ಕೆ ತಕ್ಕಂತೆ ತಿಂಗಳಿಗೆ 800ರಿಂದ 900 ಯೂರೊ, ಜೊತೆಗೆ ದೂರದ ಲೆಕ್ಕದಲ್ಲಿ ಪ್ರಯಾಣ ಭತ್ಯೆ. ಈ ದೂರವನ್ನು ವಿಮಾನದ ಮಾರ್ಗ ನೋಡಿ ಅಳೆಯುವುದಿಲ್ಲ. ಎರಡು ಊರುಗಳ ನಡುವಿನ ನೇರ ದೂರವನ್ನು ಯುರೋಪಿಯನ್ ಆಯೋಗದ ಕ್ಯಾಲ್ಕುಲೇಟರ್‌ನಲ್ಲಿ ಅಳೆಯುತ್ತಾರೆ.

ಸಮಸ್ಯೆ ಮೊತ್ತದ್ದಲ್ಲ, ಸಮಯದ್ದು. ಮೊದಲ ಕಂತು ಹಲವೆಡೆ ವಿದ್ಯಾರ್ಥಿ ಅಲ್ಲಿಗೆ ತಲುಪಿ ಆಗಮನ ಪತ್ರಕ್ಕೆ ಸಹಿಯಾದ ಮೇಲೆಯೇ ಬರುತ್ತದೆ. ಅದೂ ಎಷ್ಟೋ ಸಲ ಯುರೋಪಿನ ಬ್ಯಾಂಕ್ ಖಾತೆಗೇ ಬರಬೇಕು. ಖಾತೆ ತೆರೆಯಲು ವಿಳಾಸ ಬೇಕು, ವಿಳಾಸಕ್ಕೆ ಮನೆ ಬೇಕು, ಮನೆಗೆ ಮುಂಗಡ ಬೇಕು. ಹೀಗಾಗಿ ವಿಮಾನದ ಟಿಕೆಟ್, ವೀಸಾ ಶುಲ್ಕ, ಮುಂಗಡ, ಮೊದಲ ತಿಂಗಳ ಬಾಡಿಗೆ, ಊಟ ಇಷ್ಟನ್ನೂ ವಿದ್ಯಾರ್ಥಿವೇತನಕ್ಕಿಂತ ಮೊದಲೇ ಕೈಯಿಂದ ಹಾಕಬೇಕು. ಕನಿಷ್ಠ ಎರಡು ತಿಂಗಳ ಖರ್ಚು ಕೈಯಲ್ಲಿಲ್ಲದೆ ಹೊರಡಬಾರದು. ನನ್ನ ಮಟ್ಟಿಗೆ ಈ ಯೋಜನೆಯ ದೊಡ್ಡ ಅನ್ಯಾಯ ಇದೇ: ಯಾರಿಗೆ ಈ ಹಣ ಅತಿ ಅಗತ್ಯವೋ ಅವರೇ ಮೊದಲು ಸಾಲ ಮಾಡಬೇಕಾಗುತ್ತದೆ. ಆಯ್ಕೆಯಾದ ಕೂಡಲೇ ಆತಿಥೇಯ ಕಚೇರಿಗೆ ಬರೆದು, ಪ್ರಯಾಣ ಭತ್ಯೆಯನ್ನಾದರೂ ಮುಂಚಿತವಾಗಿ ಕೊಡಲು ಸಾಧ್ಯವೇ ಎಂದು ಕೇಳಿ. ಕೆಲವು ವಿಶ್ವವಿದ್ಯಾಲಯಗಳು ಟಿಕೆಟನ್ನು ತಾವೇ ಕಾಯ್ದಿರಿಸಿ ಕೊಡುತ್ತವೆ. ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ಜರ್ಮನಿಗೆ ಹೋಗುವವರಿಗೆ ಇನ್ನೊಂದು ಲೆಕ್ಕವಿದೆ. ವೀಸಾಕ್ಕೆ ತೋರಿಸಬೇಕಾದ ಜೀವನ ವೆಚ್ಚವನ್ನು 2024ರ ಸೆಪ್ಟೆಂಬರ್‌ನಲ್ಲಿ ತಿಂಗಳಿಗೆ 992 ಯೂರೊಗೆ ಏರಿಸಿದರು. ವಿದ್ಯಾರ್ಥಿವೇತನ 900 ಯೂರೊ ಎಂದು ಪತ್ರದಲ್ಲಿದ್ದರೂ ತಿಂಗಳಿಗೆ 92 ಯೂರೊ ಕಡಿಮೆ ಬೀಳುತ್ತದೆ. ಆ ವ್ಯತ್ಯಾಸವನ್ನು ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಬಹುದಾದ ಬ್ಲಾಕ್ಡ್ ಅಕೌಂಟ್‌ನಲ್ಲೋ ಬೇರೆ ರೀತಿಯಲ್ಲೋ ತೋರಿಸಬೇಕು. ಅನುದಾನ ಪತ್ರದಲ್ಲಿ ತಿಂಗಳ ಮೊತ್ತ, ಆರಂಭ ಮತ್ತು ಮುಕ್ತಾಯದ ದಿನಾಂಕ ಸ್ಪಷ್ಟವಾಗಿ ಇಲ್ಲದಿದ್ದರೆ ವೀಸಾ ಅರ್ಜಿ ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತದೆ.

ಈಗ ಲರ್ನಿಂಗ್ ಅಗ್ರಿಮೆಂಟ್. ಇದಕ್ಕೆ ವಿದ್ಯಾರ್ಥಿ, ತವರು ವಿಶ್ವವಿದ್ಯಾಲಯ, ಆತಿಥೇಯ ವಿಶ್ವವಿದ್ಯಾಲಯ ಮೂವರೂ ಸಹಿ ಹಾಕಬೇಕು. ಹೊರಡುವ ಮುನ್ನ, ಅಲ್ಲಿರುವಾಗ, ಮರಳಿದ ಮೇಲೆ ಎಂದು ಮೂರು ಭಾಗ. ಮೊದಲ ಭಾಗದಲ್ಲಿ ಎರಡು ಕೋಷ್ಟಕಗಳಿವೆ. ಎ ಕೋಷ್ಟಕದಲ್ಲಿ ಅಲ್ಲಿ ಓದುವ ಕೋರ್ಸ್‌ಗಳು. ಬಿ ಕೋಷ್ಟಕದಲ್ಲಿ ಅವುಗಳ ಬದಲಿಗೆ ತವರಿನಲ್ಲಿ ಮನ್ನಾ ಆಗುವ ಕೋರ್ಸ್‌ಗಳು. ಎಲ್ಲರೂ ಎ ಕೋಷ್ಟಕ ತುಂಬುವುದರಲ್ಲೇ ದಣಿಯುತ್ತಾರೆ, ನಿಜವಾದ ಜೀವ ಇರುವುದು ಬಿ ಕೋಷ್ಟಕದಲ್ಲಿ.

ಬಿ ತುಂಬುವಾಗ ಆಗುವ ಸಾಮಾನ್ಯ ತಪ್ಪೆಂದರೆ ಒಂದಕ್ಕೊಂದು ಜೋಡಿ ಹುಡುಕುವುದು. ಇಲ್ಲಿನ ಒಂದು ಪತ್ರಿಕೆಗೆ ಅಲ್ಲಿ ಅದೇ ಹೆಸರಿನ ಪತ್ರಿಕೆ ಬೇಕು ಎಂದು ಹೊರಟರೆ ಅರ್ಧದಷ್ಟೂ ಸಿಗುವುದಿಲ್ಲ. ನಿಯಮ ಹಾಗೆ ಕೇಳುವುದೂ ಇಲ್ಲ. ಅಲ್ಲಿನ ಒಂದು ಗುಂಪಿಗೆ ಇಲ್ಲಿನ ಒಂದು ಗುಂಪು ಎಂದು ಒಟ್ಟಾಗಿ ಹೊಂದಿಸಬಹುದು. ಐಚ್ಛಿಕ ಪತ್ರಿಕೆಗಳು ಹೆಚ್ಚಿರುವ ಸೆಮಿಸ್ಟರ್ ಆರಿಸಿಕೊಂಡರೆ ಈ ಕೆಲಸ ಸಲೀಸು. ಕಡ್ಡಾಯ ಪತ್ರಿಕೆಗಳೇ ತುಂಬಿರುವ ಸೆಮಿಸ್ಟರ್‌ನಲ್ಲಿ ಹೋದರೆ, ಎಷ್ಟೇ ಒಳ್ಳೆಯ ವಿಶ್ವವಿದ್ಯಾಲಯವಾದರೂ ಮರಳಿದ ಮೇಲೆ ಎರಡು ಮೂರು ಪತ್ರಿಕೆ ಬಾಕಿ ಉಳಿಯುವುದು ಬಹುತೇಕ ಖಚಿತ. ಸಹಿ ಯಾರದ್ದು ಎಂಬುದೂ ಮುಖ್ಯ. ವಿಭಾಗದ ಪ್ರಾಧ್ಯಾಪಕರೊಬ್ಬರು ಪ್ರೀತಿಯಿಂದ ಸಹಿ ಹಾಕಿಕೊಟ್ಟರೂ, ಅಂಕಪಟ್ಟಿಯಲ್ಲಿ ಕ್ರೆಡಿಟ್ ಸೇರಿಸುವುದು ಪರೀಕ್ಷಾಂಗ ಕುಲಸಚಿವರ ಕಚೇರಿ. ಅಲ್ಲಿಂದ, ಬೇಕಿದ್ದರೆ ಅಧ್ಯಯನ ಮಂಡಳಿಯಿಂದ, ಲಿಖಿತ ಒಪ್ಪಿಗೆ ಹೊರಡುವ ಮೊದಲೇ ಕೈಯಲ್ಲಿರಬೇಕು.

ಕ್ರೆಡಿಟ್ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ಪೂರ್ಣ ವರ್ಷಕ್ಕೆ 60 ಕ್ರೆಡಿಟ್, ಸೆಮಿಸ್ಟರ್‌ಗೆ 30; ಒಂದು ಕ್ರೆಡಿಟ್ ಅಂದರೆ ಸ್ವಂತ ಓದೂ ಸೇರಿ 25ರಿಂದ 30 ಗಂಟೆಗಳ ಕೆಲಸ. ಭಾರತದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ವರ್ಷಕ್ಕೆ 40. ವರ್ಷಕ್ಕೆ ವರ್ಷ ಹೋಲಿಸಿದರೆ 3 ಇಸಿಟಿಎಸ್ ಇಲ್ಲಿನ 2ಕ್ಕೆ ಸಮ. ಒಂದಕ್ಕೊಂದು ಎಂದು ತಿಳಿದು ಅಲ್ಲಿ 20 ಮಾತ್ರ ತೆಗೆದುಕೊಂಡವರಿಗೆ ಇಲ್ಲಿ ಸಿಗುವುದು 13ರಷ್ಟು. ಯಾವ ಅನುಪಾತ ಬಳಸುತ್ತಾರೆ ಎಂಬುದನ್ನೂ ಆ ಒಪ್ಪಿಗೆ ಪತ್ರದಲ್ಲೇ ಬರೆಸಿಕೊಳ್ಳಬೇಕು.

ಎ ಕೋಷ್ಟಕಕ್ಕೆ ಬಂದರೆ, ಜಾಲತಾಣದಲ್ಲಿ ಕಾಣುವ ಕೋರ್ಸ್ ಪಟ್ಟಿ ಅನೇಕ ಸಲ ಕಳೆದ ವರ್ಷದ್ದು. ಕೆಲವು ಕೋರ್ಸ್ ಚಳಿಗಾಲದ ಸೆಮಿಸ್ಟರ್‌ನಲ್ಲಿ ಮಾತ್ರ ನಡೆಯುತ್ತವೆ. ‘ಇಂಗ್ಲಿಷ್’ ಎಂದು ಬರೆದಿದ್ದರೂ ಪಠ್ಯ ಮಾತ್ರ ಇಂಗ್ಲಿಷ್, ಪಾಠ ಸ್ಥಳೀಯ ಭಾಷೆಯಲ್ಲಿ ಇರುವುದುಂಟು. ಬೇರೆ ವಿಭಾಗದ ಕೋರ್ಸ್‌ಗೆ ವಿನಿಮಯ ವಿದ್ಯಾರ್ಥಿಗಳಿಗೆ ಜಾಗ ಇಲ್ಲದಿರಬಹುದು. ವೇಳಾಪಟ್ಟಿ ಬಂದಾಗ ಎರಡು ತರಗತಿಗಳು ಒಂದೇ ಹೊತ್ತಿಗೆ ಬೀಳುತ್ತವೆ. ಆದ್ದರಿಂದ 30 ಕ್ರೆಡಿಟ್ ಬೇಕಿದ್ದರೆ 40ರಿಂದ 45 ಕ್ರೆಡಿಟ್ಟಿನಷ್ಟು ಕೋರ್ಸ್‌ಗಳಿಗೆ ತವರಿನ ವಿಭಾಗದಿಂದ ಮೊದಲೇ ಒಪ್ಪಿಗೆ ಪಡೆದಿಟ್ಟುಕೊಂಡರೆ ನೆಮ್ಮದಿ. ಅಲ್ಲಿಗೆ ಹೋದ ಮೇಲೆ ಬದಲಾವಣೆ ಸಹಜವೇ, ಆದರೆ ಸೆಮಿಸ್ಟರ್ ಆರಂಭವಾದ 5 ವಾರಗಳೊಳಗೆ ಎರಡನೇ ಭಾಗದ ಕೋಷ್ಟಕಗಳಲ್ಲಿ ಬರೆದು ಕೋರಿಕೆ ಸಲ್ಲಿಸಿ, ನಂತರದ 2 ವಾರಗಳೊಳಗೆ ಮೂವರ ಸಹಿ ಮಾಡಿಸಬೇಕು. ‘ಪ್ರೊಫೆಸರ್‌ಗೆ ಇಮೇಲ್ ಹಾಕಿದ್ದೇನೆ, ಸರಿ ಅಂದಿದ್ದಾರೆ’ ಎಂಬುದು ಸಾಲದು. ಕ್ರೆಡಿಟ್ ಕಳೆದುಕೊಂಡವರ ಕಥೆಗಳಲ್ಲಿ ಈ ಸಹಿಯಾಗದ ಬದಲಾವಣೆಯೇ ಮತ್ತೆ ಮತ್ತೆ ಬರುತ್ತದೆ. ಯುರೋಪಿನ ವಿಶ್ವವಿದ್ಯಾಲಯಗಳ ನಡುವೆ ಇದೆಲ್ಲ ಈಗ ಆನ್‌ಲೈನ್ ಲರ್ನಿಂಗ್ ಅಗ್ರಿಮೆಂಟ್ ಮೂಲಕ ನಡೆಯುತ್ತದೆ. ಹೊರ ದೇಶದವರೊಂದಿಗೆ ಹಲವೆಡೆ ಇನ್ನೂ ಪಿಡಿಎಫ್ ಓಡಾಟವೇ; ಪ್ರತಿ ಸಹಿಯ ಪ್ರತಿಯನ್ನೂ ವಿದ್ಯಾರ್ಥಿಯೇ ಜೋಪಾನ ಮಾಡಬೇಕು.

ಕ್ಯಾಲೆಂಡರ್ ಹೊಂದಿಕೆ ನೋಡದೆ ದೇಶ ಆರಿಸಬಾರದು. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಹೆಚ್ಚಿನ ಕಡೆ ಅಕ್ಟೋಬರ್ 1ರಿಂದ ಮಾರ್ಚ್ 31. ಪಾಠ ಫೆಬ್ರುವರಿ ಮಧ್ಯದವರೆಗೆ, ಪರೀಕ್ಷೆ ಆಮೇಲೆ. ತವರಿನಲ್ಲಿ ಮುಂದಿನ ಸೆಮಿಸ್ಟರ್ ಜನವರಿಯಲ್ಲೇ ಶುರುವಾದರೆ ಹಾಜರಾತಿ ಕೊರತೆ ಬಂದೇ ಬರುತ್ತದೆ. ಸೆಪ್ಟೆಂಬರ್‌ನಲ್ಲಿ ಆರಂಭಿಸಿ ಜನವರಿಗೆ ಮುಗಿಸುವ ವಿಶ್ವವಿದ್ಯಾಲಯಗಳು ಈ ದೃಷ್ಟಿಯಿಂದ ಅನುಕೂಲ. ಪರೀಕ್ಷೆಗೆ ಮೊದಲೇ ಮರಳುವ ಯೋಚನೆ ಬೇಡ: ವಾಸ್ತವ್ಯ ಒಪ್ಪಂದದ ಅವಧಿಗಿಂತ 5 ದಿನಕ್ಕಿಂತ ಹೆಚ್ಚು ಮೊಟಕಾದರೆ ದಿನಗಳ ಲೆಕ್ಕದಲ್ಲಿ ಹಣ ಕಡಿತವಾಗುತ್ತದೆ.

ಪರೀಕ್ಷೆಗೆ ನೋಂದಾಯಿಸಿಕೊಳ್ಳುವುದನ್ನು ಮರೆಯುವವರೂ ಕಡಿಮೆಯಿಲ್ಲ. ಜರ್ಮನಿಯಲ್ಲಿ ಕೋರ್ಸ್‌ಗೆ ಸೇರುವುದು ಬೇರೆ, ಪರೀಕ್ಷೆಗೆ ಹೆಸರು ಕೊಡುವುದು ಬೇರೆ. ಆ ಗಡುವು ಸೆಮಿಸ್ಟರ್ ನಡುವೆಯೇ ಸದ್ದಿಲ್ಲದೆ ದಾಟಿಹೋಗುತ್ತದೆ. ಎಲ್ಲ ತರಗತಿಗೂ ಹೋಗಿದ್ದರೂ ಹೆಸರು ಕೊಡದವರಿಗೆ ಕ್ರೆಡಿಟ್ ಇಲ್ಲ. ಇಟಲಿಯಲ್ಲಿ ಮೌಖಿಕ ಪರೀಕ್ಷೆ ಹೆಚ್ಚು, ಅಭ್ಯಾಸವಿಲ್ಲದವರಿಗೆ ಮೊದಲ ಸಲ ಕಂಗಾಲಾಗುವಷ್ಟು.

ಮನೆ ಹುಡುಕುವುದು ಈ ಸೇವೆಯ ಅತಿ ದುರ್ಬಲ ಅಂಗ. ಆತಿಥೇಯ ಕಚೇರಿ ‘ಸಹಾಯ’ ಮಾಡುತ್ತದೆ, ಮನೆ ಕೊಡಿಸುವ ಭರವಸೆ ಕೊಡುವುದಿಲ್ಲ. ಆಯ್ಕೆ ಪತ್ರ ಬಂದ ದಿನವೇ ವಿದ್ಯಾರ್ಥಿ ನಿಲಯಕ್ಕೆ ಅರ್ಜಿ ಹಾಕಬೇಕು. ನೋಡದ ಮನೆಗೆ ಮುಂಗಡ ಕಳಿಸಬಾರದು. ‘ಊರಲ್ಲಿಲ್ಲ, ಕೀಲಿ ಕೊರಿಯರ್ ಮಾಡುತ್ತೇನೆ’ ಎನ್ನುವ ಮಾಲೀಕ ಮೋಸಗಾರ ಎಂದೇ ತಿಳಿಯಬೇಕು. ಜರ್ಮನಿಯಲ್ಲಿ ಮುಂಗಡ ಮೂರು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು, ಅದಕ್ಕೆ ಮಾಲೀಕರ ಸಹಿಯ ವಾಸ ದೃಢೀಕರಣ ಬೇಕೇ ಬೇಕು. ಅದನ್ನು ಕೊಡಲು ಒಪ್ಪದ ಮನೆ ಎಷ್ಟೇ ಅಗ್ಗವಾದರೂ ಬೇಡ. ಇಟಲಿಯಲ್ಲಿ ಬಂದ 8 ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅಂಚೆ ಕಚೇರಿಯ ಮೂಲಕ ಅರ್ಜಿ ಹಾಕಬೇಕು. ಫ್ರಾನ್ಸ್‌ನ ದೀರ್ಘಾವಧಿ ವಿದ್ಯಾರ್ಥಿ ವೀಸಾವನ್ನು ಮೂರು ತಿಂಗಳೊಳಗೆ ಆನ್‌ಲೈನ್‌ನಲ್ಲಿ ಸಕ್ರಿಯಗೊಳಿಸಬೇಕು, ಇಲ್ಲದಿದ್ದರೆ ವಾಸ ಅಕ್ರಮವಾಗುತ್ತದೆ.

ಭಾಷೆಗೆ ಆನ್‌ಲೈನ್ ಲಿಂಗ್ವಿಸ್ಟಿಕ್ ಸಪೋರ್ಟ್ ಎಂಬ ಉಚಿತ ತರಬೇತಿ ಇದೆ. ಅಂಗಡಿ, ಕಚೇರಿಯ ಮಾತಿಗೆ ಸಾಕು. ಸ್ಥಳೀಯ ಭಾಷೆಯ ಪಾಠ ಅರ್ಥವಾಗುವ ಬಿ2 ಮಟ್ಟಕ್ಕೆ ಸಾಲದು. ಎರಾಸ್ಮಸ್ ಸ್ಟೂಡೆಂಟ್ ನೆಟ್‌ವರ್ಕ್ ಎಂಬ ವಿದ್ಯಾರ್ಥಿ ಸಂಘಟನೆಯ ಸ್ವಯಂಸೇವಕರು ಮಾತ್ರ ಮನಸಾರೆ ಮೆಚ್ಚಬೇಕಾದವರು. ಸಿಮ್ ಕಾರ್ಡ್‌ನಿಂದ ಹಿಡಿದು ನೋಂದಣಿ ಕಚೇರಿಯ ಸರದಿವರೆಗೆ, ಕಚೇರಿಗಳು ಹೇಳದ್ದನ್ನು ಹೇಳಿಕೊಡುವವರು ಇವರೇ.

ಮರಳುವ ಹಂತದಲ್ಲಿ ಅಂಕಗಳ ಪರಿವರ್ತನೆ ಇದೆ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸು, ಇಟಲಿಯಲ್ಲಿ 30ಕ್ಕೆ 18 ಪಾಸು, ಫ್ರಾನ್ಸ್‌ನಲ್ಲಿ 20ಕ್ಕೆ 10. ಫ್ರಾನ್ಸ್‌ನ 14 ಅಲ್ಲಿ ಒಳ್ಳೆಯ ಅಂಕ. ಅದನ್ನು ಇಲ್ಲಿ ನೇರವಾಗಿ ಶೇಕಡಾ 70 ಎಂದು ಬರೆದರೆ ವಿದ್ಯಾರ್ಥಿಗೆ ನಷ್ಟ. ಎಷ್ಟು ಜನರಿಗೆ ಯಾವ ಅಂಕ ಬಂದಿದೆ ಎಂದು ತೋರಿಸುವ ಇಸಿಟಿಎಸ್ ಗ್ರೇಡಿಂಗ್ ಕೋಷ್ಟಕವನ್ನು ಅಂಕಪಟ್ಟಿಗೆ ಲಗತ್ತಿಸಲು ಕೇಳಿದರೆ ನ್ಯಾಯವಾದ ಪರಿವರ್ತನೆಗೆ ಆಧಾರ ಸಿಗುತ್ತದೆ. ಫಲಿತಾಂಶ ಪ್ರಕಟವಾದ 5 ವಾರಗಳೊಳಗೆ ಅಂಕಪಟ್ಟಿ ತವರಿಗೆ ತಲುಪಬೇಕು ಎಂಬುದು ನಿಯಮ, ತಡವಾದರೆ ಇದೇ ನಿಯಮ ತೋರಿಸಿ ಕೇಳಬಹುದು. ಕೊನೆಯ ಕಂತಿಗೆ ಆನ್‌ಲೈನ್ ಸಮೀಕ್ಷೆ ತುಂಬಬೇಕು, ಅದೇ ಹಣ ಕೇಳುವ ಅರ್ಜಿ. ಅಲ್ಲಿಂದ ಹೊರಡುವ ಮುನ್ನ ವಾಸ್ತವ್ಯದ ದಿನಾಂಕಗಳಿರುವ ಪ್ರಮಾಣಪತ್ರಕ್ಕೆ ಸಹಿ, ಮೊಹರು ಹಾಕಿಸಿಕೊಳ್ಳಿ. ಓದಿದ ಪ್ರತಿ ಕೋರ್ಸ್‌ನ ಪಠ್ಯಕ್ರಮದ ಪುಟವನ್ನೂ ಇಳಿಸಿಟ್ಟುಕೊಳ್ಳಿ. ಸೆಮಿಸ್ಟರ್ ಮುಗಿದ ಮೇಲೆ ಅಲ್ಲಿನ ಲಾಗಿನ್ ಮುಚ್ಚಿಹೋಗುತ್ತದೆ; ಪರೀಕ್ಷಾಂಗದವರು ಪಠ್ಯಕ್ರಮ ಕೇಳುವುದು ಬಹುತೇಕ ಅದಾದ ಮೇಲೆಯೇ.